ಒಣಗದ ಕೆನ್ನೆ

ತಾಯಿಯ ಪುಣ್ಯತಿಥಿಗೆಂದು ವರ್ಷಕ್ಕೊಮ್ಮೆ ವಸಂತಿ ಹಾಕುವ ಮಲ್ಲಿಗೆ ಹಾರ ಈ ಸಲ ಚಿತ್ರದ ಕೆನ್ನೆಗೆ ಅಂಟಿಕೊಂಡಿತು. ಬಿಡಿಸಿದರೆ ಕೆಂಪು ಬಣ್ಣವೂ ಕಿತ್ತು ಬಂತು. ಇಪ್ಪತ್ತು ವರ್ಷದ ಹಿಂದಿನ ತೈಲಚಿತ್ರ ಹಸಿಯಾಗಿರುವುದೆಂದರೇನು? ಯಾರೋ ಅಸಲನ್ನು ಎಗರಿಸಿ ನಕಲು ತೂಗುಹಾಕಿದ್ದರು. ಅವಳು ಕೂಸಾಗಿದ್ದಾಗಲೇ ತೀರಿಕೊಂಡ ತಾಯಿ ಅನಂತಮತಿಯ ಮುಖ ಅವಳಿಗೆ ಗೊತ್ತಿದ್ದುದು ಆ ಚಿತ್ರದಿಂದ ಮಾತ್ರ.

ಮೂಡುಬಿದಿರೆಯ ಪೊಲೀಸ್ ದಫೇದಾರರು ಮಧ್ಯಾಹ್ನದೊಳಗೆ ಕಳ್ಳನನ್ನು ಹಿಡಿದೇಬಿಟ್ಟರು. ಹೋದ ವಾರ ಮನೆಯ ಬಾಗಿಲುಗಳಿಗೆ ಬಣ್ಣ ಹೊಡೆದ ಹುಕ್ರಪ್ಪ. ಅವನ ಡಬ್ಬಿಯಲ್ಲಿ ಕೆಂಪು ಬಣ್ಣ ಇತ್ತಂತೆ! ಈ ಬುದ್ಧಿಗೆ ಸರಕಾರ ಸಂಬಳ ಬೇರೆ ಕೊಡುತ್ತಿತ್ತು.

ವಸಂತಿ ನಂಬಲಿಲ್ಲ. ಬೆಳ್ತಂಗಡಿಯ ಡ್ರಾಯಿಂಗ್ ಮಾಸ್ಟ್ರು ನೋಣಯ್ಯನವರಿಗೆ ಹೇಳಿಕಳಿಸಿದಳು.

*

ನೋಣಯ್ಯ ಮರುದಿನ ಮೊದಲ ಬಸ್ಸಿಗೆ ಬಂದರು. ದಫೇದಾರರ ಎದುರೇ ಕನ್ನಡಕ ಏರಿಸಿ ಚಿತ್ರ ನೋಡಿದರು.

"ಕೆನ್ನೆ ಚೆನ್ನಾಗುಂಟು," ಎಂದರು, ಒಲ್ಲದ ಮನಸ್ಸಿನಿಂದ. "ಕೆಂಪು ಎಲ್ಲಿ ಮುಗಿಯಿತು, ಹಳದಿ ಎಲ್ಲಿ ಶುರುವಾಯಿತು, ಗೊತ್ತೇ ಆಗುವುದಿಲ್ಲ. ಬೆರಳಲ್ಲಿ ತೀಡಿದ್ದು."

"ಹುಕ್ರಪ್ಪನ ಕೈ ಚುರುಕು, ಮಾಸ್ಟ್ರೇ," ಎಂದ ಪುಷ್ಪರಾಜ. ವಸಂತಿಯ ಸೋದರಮಾವನ ಮಗ. ಅದೇ ಮನೆಯಲ್ಲಿ ಬಿಟ್ಟಿ ಊಟ. ನಾಟಕದವರ ಮುಖಕ್ಕೆ ಬಣ್ಣ ಹಚ್ಚುವುದು ಕಸುಬು, ತನ್ನನ್ನು ಕಲಾವಿದನೆಂದು ಕರೆಯದವರ ಜೊತೆ ಮಾತೇ ಇಲ್ಲ. "ಹೋದ ವಾರದವರೆಗೆ ಅಸಲೇ ಇತ್ತು. ನಾನೇ ನೋಡಿದ್ದೇನೆ."

ನೋಣಯ್ಯ ಬಣ್ಣದೊಳಗೆ ಹೂತಿದ್ದ ಬಿಳಿ ಎಳೆಯೊಂದನ್ನು ಉಗುರಿನಲ್ಲಿ ಎತ್ತಿದರು. ಬೂರುಗದ ಹತ್ತಿ. ಬೆರಳು ಮೂಸಿದರು. ಮೂಗು ಮುರಿದರು.

"ದಫೇದಾರ್ರೇ, ಈ ಕಲಾವಿದರ ಪೆಟ್ಟಿಗೆ ತೆಗೆಸಿ."

ವೇಷದ ಮೀಸೆ, ಕೂದಲಿನ ಟೋಪನ್ನುಗಳ ಅಡಿಯಲ್ಲಿ ಅಸಲು ಚಿತ್ರ ಸುರುಳಿಯಾಗಿ ಮಲಗಿತ್ತು.

*

"ಹಿತ್ತಿಲಿನ ಬೂರುಗದ ಹತ್ತಿ ಹಾರುವುದು ಏಪ್ರಿಲಿನಲ್ಲಿ," ಎಂದರು ನೋಣಯ್ಯ. "ಈಗ ನವೆಂಬರ್. ಹುಕ್ರಪ್ಪ ಬಂದದ್ದು ಹೋದ ವಾರ. ಅಂದರೆ ಏಳು ತಿಂಗಳಾದರೂ ಈ ಬಣ್ಣ ಒಣಗಲಿಲ್ಲ. ಯಾಕೆ? ಕಲಸಿದ್ದು ತೆಂಗಿನೆಣ್ಣೆಯಲ್ಲಿ! ಅಗಸೆ ಎಣ್ಣೆ ಒಣಗ್ತದೆ, ತೆಂಗಿನೆಣ್ಣೆ ಒಣಗುವುದುಂಟಾ? ವೇಷದ ಮುಖಕ್ಕೆ ಅದೇ ಸರಿ, ನಾಟಕ ಮುಗಿದ ಮೇಲೆ ಒರೆಸಬೇಕಲ್ಲ. ಕ್ಯಾನ್ವಾಸಿಗೂ ಅದನ್ನೇ ತೀಡುವ ಪೆದ್ದ ಈ ಮನೆಯಲ್ಲಿ ಒಬ್ಬನೇ."

"ಮಂಗಳೂರಿನ ಗಿರಾಕಿ ಬರ್ತೇನೆ ಅಂದಿದ್ದ..." ಪುಷ್ಪರಾಜ ತೊದಲಿದ.

"ಏಳು ತಿಂಗಳಿಂದಲಾ? ಕಳ್ಳತನವೂ ಬರುವುದಿಲ್ಲವಲ್ಲ ಮಾರಾಯ ನಿನಗೆ!" ಎಂದರು ನೋಣಯ್ಯ.

ವಸಂತಿ ಸುರುಳಿ ಬಿಚ್ಚಿದಳು. ಕತ್ತಲೆ ಕೋಣೆಯ ಹಣತೆಯ ಕೆಂಪು ಬೆಳಕಿನಲ್ಲಿ ಅವಳು ಎಂದೂ ಗಮನಿಸಿರಲಿಲ್ಲ, ಅಸಲು ತಾಯಿಯ ಬಣ್ಣ ಕಪ್ಪು. ಕೆನ್ನೆಯಲ್ಲಿ ಕೆಂಪು ಇರಲೇ ಇಲ್ಲ. "ಏಳು ತಿಂಗಳು ನಾನು ಕೈಮುಗಿದದ್ದು ಯಾರಿಗೆ, ಭಾವ?" ಎಂದು ಅತ್ತಳು. 

ಸಂಜೆ ಹುಕ್ರಪ್ಪನನ್ನು ಬಿಟ್ಟರು. ಅವನು ನೇರ ಬಂದು ನಕಲಿನ ಕೆನ್ನೆ ಮುಟ್ಟಿ ಮೂಸಿದ. ದಫೇದಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಕಳ್ಳ ಅಂದಿರಿ, ಆಯ್ತು. ಬಣ್ಣಕ್ಕೆ ತೆಂಗಿನೆಣ್ಣೆ ಹಾಕಿದವನು ನಾನು ಅಂದಿರಲ್ಲ, ಸ್ವಾಮಿ!"

ಅಂಗಳಕ್ಕಿಳಿದು ಉಗಿದ.