ಕ್ಲೀಟಾ ಸ್ಟ್ರೌಡ್‌ಗೆ ಬಂದೂಕಿಲ್ಲ!

ಧಡ್!

ಹಿಂದಿನಿಂದ ಮತ್ತೊಮ್ಮೆ ಗುದ್ದಿದ. ನನ್ನ ಪಿಕಪ್ಪಿನ ಹಿಂಬಾಗಿಲು ಕಳಚಿ ಮಣ್ಣು ರಸ್ತೆಗೆ ಬಿತ್ತು. ಕನ್ನಡಿ ನೋಡಿದೆ. ದೊಡ್ಡ ಕರಿ ಟ್ರಕ್ಕು... ಅದರ ಬಂಪರಿನ ಮೇಲೆ ಕೆಂಪು ಅಕ್ಷರದ ಚೀಟಿ. 'ಶೆರಿಫ್ ಹುದ್ದೆಗೆ ಗಾರ್ಲನ್ ಪ್ರೂಯಿಟ್!'

ನೋಡಿ, ಕೊಲ್ಲಲು ಬರುವವನು ಪ್ರಚಾರದ ಚೀಟಿಯನ್ನಾದರೂ ಕಿತ್ತು ಬರಬೇಡವೇ? ನಾಚಿಕೆಗೆಟ್ಟವನು!

"ನಿಲ್ಸು ಓಪಲಕ್ಕ! ನಾನು ಇಳೀತೀನಿ!" ಪಕ್ಕದ ಸೀಟಿನಲ್ಲಿ ಟ್ವೈಲಾ ಕಿರುಚಿದಳು.

"ಇಳಿ. ನೇರ ಅವನ ಚಕ್ರದ ಕೆಳಗೇ ಇಳೀತೀಯ."

"ಅವನಿಗೆ ಬೇಕಾಗಿರೋದು ನಾನು!"

"ನನಗೂ ನೀನೇ ಬೇಕು. ತಲೆ ತಗ್ಸು!"

ತಗ್ಗಿಸಿದಳು. ನಾನು ಆಕ್ಸಿಲರೇಟರ್ ತುಳಿದೆ.

ನಾನು ಓಪಲ್ ಹೇಂಜ್. ಜಾಮೀನು ಮುರಿದು ಓಡಿದವರನ್ನು ಹಿಡಿದು ತರುವುದು ನನ್ನ ಕಸುಬು. ಅರ್ಕಾನ್ಸಸ್‌ನ ಈ ಗುಡ್ಡಗಳಲ್ಲಿ ಎಷ್ಟೋ ಹೊಲಸು ತುಳಿದಿದ್ದೇನೆ. ಆದರೆ ಇದರಷ್ಟು ನಾರುವ ಹೊಲಸು ಇನ್ನೊಂದಿಲ್ಲ.

ಶುರುವಾದದ್ದು ಟ್ವೈಲಾಳ ಅಕ್ಕ ಕ್ಲೀಟಾಳಿಂದ. ಕೋಳಿ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸು. ಯಾರ ತಂಟೆಗೂ ಹೋದವಳಲ್ಲ. ಅವಳ ಮಾಜಿ ಗಂಡ ವೇಡ್ ಒಮ್ಮೆ ಅವಳ ದವಡೆ ಮುರಿದಿದ್ದ. 'ಗಂಡ ಹೆಂಡಿರ ಜಗಳ' ಎಂದು ಯಾರೂ ಕೇಸೇ ಬರೆಯಲಿಲ್ಲ. ಈಗ ಅವನು ಫೋನಿನಲ್ಲಿ ನಗುತ್ತಾನೆ... "ಜಿಂಕೆ ಬೇಟೆ ಶುರುವಾಗ್ಲಿ ಕಣೇ. ಕಾಡಂಚಿನ ಮನೆ ನಿಂದು. ಒಂದು ಗುಂಡು ದಾರಿ ತಪ್ಪಿದ್ರೆ ಯಾರು ಕೇಳ್ತಾರೆ?"

ನಿಜ. ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಯಾವನಾದರೂ ಒಬ್ಬ ಹಾಗೆ ಸಾಯುತ್ತಾನೆ!

ಕ್ಲೀಟಾ ಹ್ಯೂಬರ್ಟನ ಬಂದೂಕಿನ ಅಂಗಡಿಗೆ ಹೋದಳು. ಒಂದು ಶಾಟ್‌ಗನ್ ಆರಿಸಿದಳು. ಮೇಲಿನವರು ಹೂಂ ಅನ್ನದೆ ಮಾರುವಂತಿಲ್ಲ, ಹ್ಯೂಬರ್ಟ್ ಅವಳ ಹಿನ್ನೆಲೆ ವಿಚಾರಿಸಲು ಕೇಂದ್ರ ಸರ್ಕಾರದ ಕಚೇರಿಗೆ ಫೋನು ಮಾಡಿದ. ಅಲ್ಲಿಂದ ಬಂದ ಉತ್ತರ...

ಇಲ್ಲ!

ಕಾರಣ? ಮಾದಕ ವಸ್ತು ಮಾರಿದ ಗಂಭೀರ ಆರೋಪ. ಕೋರ್ಟಿಗೆ ಬಾರದೆ ತಲೆಮರೆಸಿಕೊಂಡಿದ್ದಾಳೆ. ಹಿಡಿಯಲು ವಾರಂಟಿದೆ!

ಆರೋಪಿ ದಿನಾ ಬೆಳಗ್ಗೆ ಊರ ನಡುವೆ ಕಾರ್ಖಾನೆಗೆ ಹೋಗುತ್ತಾಳೆ. ಪೊಲೀಸರು ಅವಳಿಗೆ ಕೈ ಬೀಸುತ್ತಾರೆ. ಒಬ್ಬನೂ ಹಿಡಿಯಲಿಲ್ಲ. ಯಾಕೆ ಹೇಳಿ? ಸಿಕ್ಕಿಬಿದ್ದು, ಜಾಮೀನಿನ ಮೇಲೆ ಹೊರಬಂದು ಓಡಿಹೋದವಳು ತಂಗಿ ಟ್ವೈಲಾ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಕಂಪ್ಯೂಟರಿಗೆ ಮಾತ್ರ!

ಹಾಗಾದರೆ ಕಡ ಕೊಡಿ ಎಂದು ಯಾರಿಂದಾದರೂ ಬಂದೂಕು ತರಬಹುದಿತ್ತಲ್ಲ ಎನ್ನುತ್ತೀರಾ? ಆ ಆರೋಪ ತಲೆಯ ಮೇಲಿರುವಾಗ ಬಂದೂಕು ಕೈಗೆ ಬಂದರೆ ಅದೇ ಹೊಸ ಅಪರಾಧ. ಜೈಲು!

ಕ್ಲೀಟಾ ಅಪೀಲು ಹಾಕಿದಳು. ಹತ್ತೂ ಬೆರಳಿನ ಅಚ್ಚು ಕೊಟ್ಟು ಕಳಿಸಿದಳು. ಉತ್ತರ ಬಂತು. 'ಆ ಬಂಧನದಲ್ಲಿ ಬೆರಳಚ್ಚೇ ತೆಗೆದಿಲ್ಲ. ನಿಮ್ಮದನ್ನು ಯಾವುದಕ್ಕೆ ಹೋಲಿಸುವುದು? ಕೌಂಟಿಯವರೇ ತಿದ್ದಿ ಕಳಿಸಬೇಕು.'

ಆಗ ಅವಳು ನನ್ನ ಬಳಿ ಬಂದಳು. ವಿಚಾರಿಸಲು ನಾನು ಕೌಂಟಿ ಜೈಲಿಗೆ, ಅಂದರೆ ನಮ್ಮ ಜಿಲ್ಲೆಯ ಜೈಲಿಗೆ ಹೋದೆ. ಅಲ್ಲಿನ ಮುಖ್ಯಸ್ಥ, ಈಗ ಶೆರಿಫ್ ಎಂದರೆ ಇಡೀ ಕೌಂಟಿಯ ಪೊಲೀಸರಿಗೆ ದೊರೆಯಾಗಲು ಹೊರಟ ಗಾರ್ಲನ್ ಪ್ರೂಯಿಟ್ ಮೇಜಿನ ಮೇಲೆ ಬೂಟುಗಾಲು ಹಾಕಿಕೊಂಡು ಕೂತಿದ್ದ.

"ಬೆರಳಚ್ಚು ಯಾಕೆ ತಗೊಳ್ಲಿಲ್ಲ ಗಾರ್ಲನ್?"

"ಸ್ಟ್ರೌಡ್ ಹುಡುಗೀರನ್ನ ನಾನು ಎತ್ತಿ ಆಡ್ಸಿದೀನಿ ಓಪಲ್. ಅವರಪ್ಪನ ಜತೆ ಬೇಟೆಗೆ ಹೋದವನು. ನಮ್ಮೂರ ಮಕ್ಕಳ ಬೆರಳಿಗೆ ಮಸಿ ಮೆತ್ತಿ ಅವಮಾನ ಮಾಡ್ಲಾ?"

"ಮತ್ತೆ ಹೆಸರು?"

"ಪ್ರಜ್ಞೆ ಇರ್ಲಿಲ್ಲ ಅವಳಿಗೆ. ಮುಖ ನೋಡ್ದೆ. ದೊಡ್ಡವಳು ಅಂದ್ಕೊಂಡೆ. ಬರ್ದೆ."

"ತಪ್ಪು ಅಂತ ಗೊತ್ತಾದ್ಮೇಲೆ?"

"ಎಲೆಕ್ಷನ್ ಮುಗೀಲಿ. ಸದ್ದಿಲ್ದೆ ಸರಿ ಮಾಡ್ತೀನಿ."

"ಎಲೆಕ್ಷನ್ ಮುಗಿದ ವಾರವೇ ಬೇಟೆ ಶುರು! ಅವಳು ಸಾಯ್ತಾಳೆ!"

ಅವನು ಹಲ್ಲು ಕಡ್ಡಿ ಬಾಯಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಸರಿಸಿದ.

"ವಯಸ್ಸಾಯ್ತು ನಿಂಗೆ. ಮನೇಲಿ ಕೂತು ಹಣ್ಣಿನ ಪೈ ಬೇಯ್ಸು ಹೋಗು."

ಥೂ!

ಸರ್ಕಾರಿ ವಕೀಲನ ಬಳಿ ಹೋದೆ. ಅವನಿಗೂ ಗೊತ್ತಿತ್ತು! "ನಿಜವಾದವಳನ್ನ ಸೋಮವಾರ ಜಡ್ಜ್ ಮುಂದೆ ನಿಲ್ಸು. ಇವಳೇ ಅಂತ ನಂಬೋ ಹಾಗೆ ಸಾಕ್ಷಿ ಹೇಳೋರೂ ಬೇಕು. ಅಕ್ಕನ ಹೆಸರು ಹೊಡೆದು ಹಾಕ್ತೀವಿ" ಎಂದ. ಎಂದವನು ಕಿಟಕಿಯಾಚೆ ನೋಡಿದ. ಗಾರ್ಲನ್ ಗೆದ್ದರೆ ನಾಳೆ ಅವನ ಜತೆಯೇ ಕೆಲಸ ಮಾಡಬೇಕಲ್ಲ!

ಟ್ವೈಲಾ ಪಕ್ಕದ ಕೌಂಟಿಯಲ್ಲಿ ಸಿಕ್ಕಳು. ಪಾಳುಬಿದ್ದ ಕೋಳಿ ಶೆಡ್ಡಿನ ಹಿಂದೆ ಒಂದು ಟ್ರೇಲರ್ ಮನೆ. ಬಾಗಿಲಿಗೆ ಒದ್ದೆ. ಬಾಣಲೆ ಎತ್ತಿಕೊಂಡು ನುಗ್ಗಿದಳು. ಕಸಿದುಕೊಂಡು ಕೂರಿಸಿದೆ.

"ನಾನು ಅಕ್ಕನ ಹೆಸರು ಹೇಳ್ಲಿಲ್ಲ! ಎದ್ದಾಗ ಅವರೇ ಕ್ಲೀಟಾ ಅಂತ ಕರೀತಿದ್ರು."

"ಅಲ್ಲ ಅಂತ ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"



"ಬಂದ್ರೆ ನಂಗೆ ಜೈಲು ಅಲ್ವಾ?"

"ಹೂಂ. ನಿಂಗೆ ಜೈಲು. ಬರ್ಲಿಲ್ಲ ಅಂದ್ರೆ ಅವಳಿಗೆ ಗುಂಡಿ."

ಮೂಗು ಒರೆಸಿಕೊಂಡು ಜಾಕೆಟ್ ಹಾಕಿಕೊಂಡಳು. ಇಡೀ ಕೌಂಟಿಯಲ್ಲಿ ಸರಿಯಾದ ಕೆಲಸ ಮಾಡಿದವಳು ಮಾದಕ ವಸ್ತು ಮಾರಿದ ಆ ಹುಡುಗಿಯೊಬ್ಬಳೇ! ಎಂಥ ಊರು ನೋಡಿ ನಮ್ಮದು.

ವಾಪಸ್ ಬರುವಾಗ ಕೌಂಟಿಯ ಗಡಿ ದಾಟಿದ್ದೇ ತಡ, ಕರಿ ಟ್ರಕ್ಕು ಬೆನ್ನಿಗೆ ಬಿತ್ತು. ಯಾರೋ ಅವನಿಗೆ ಸುದ್ದಿ ಮುಟ್ಟಿಸಿದ್ದರು.

ಧಡ್! ಇನ್ನೊಂದು ಗುದ್ದು. ಹಿಂದಿನ ಗಾಜು ಪುಡಿಯಾಯಿತು. ಎಡಕ್ಕೆ ಬಂಡೆ, ಬಲಕ್ಕೆ ಕಮರಿ. ಇನ್ನೊಂದು ತಿರುವಿನಲ್ಲಿ ನಾವು ಕೆಳಗೆ!

ಆಗ ಹೊಳೆಯಿತು. ಇವತ್ತು ಭಾನುವಾರ... ಕೆಳಗೆ ಹಳ್ಳ... ಪಾದ್ರಿ ಎಲ್ಬರ್ಟನ ಚರ್ಚಿನವರು ದೀಕ್ಷಾಸ್ನಾನ ಮಾಡಿಸುವ ಜಾಗ!

ಸ್ಟಿಯರಿಂಗ್ ತಿರುಗಿಸಿದೆ. ಗಾಡಿ ಇಳಿಜಾರಿನಲ್ಲಿ ಕುಪ್ಪಳಿಸುತ್ತ ಇಳಿದು ನೇರ ನೀರಿಗೆ ನುಗ್ಗಿ ನಿಂತಿತು. ದಡದಲ್ಲಿ ಹಾಡುತ್ತಿದ್ದ ಜನ ಬಾಯಿ ತೆರೆದೇ ನಿಂತರು. ಸೊಂಟದ ಮಟ್ಟ ನೀರಿನಲ್ಲಿ ಪಾದ್ರಿ. ಅವನ ತೋಳಿನಲ್ಲಿ ಅರ್ಧ ಮುಳುಗಿದ ಒಬ್ಬ ಮುದುಕ.

"ಮುದುಕನ್ನ ಮೊದ್ಲು ಮೇಲೆತ್ತಿ ಪಾದ್ರಿಗಳೇ!" ಕೂಗಿದೆ.

ಹಿಂದೆಯೇ ಗಾರ್ಲನ್ ಬಂದ. ಬ್ರೇಕು ಹಾಕಿದ. ದಡದ ತುಂಬ ಮತದಾರರು! ಕಣ್ಣೆದುರೇ ಅವನ ಮುಖ ಬದಲಾಯಿತು. ಹ್ಯಾಟು ತೆಗೆದ. ಹಲ್ಲು ಕಿರಿದ.

"ನಮಸ್ಕಾರ ಎಲ್ರಿಗೂ! ಪಾಪ, ಓಪಲ್ ಗಾಡಿಯ ಬ್ರೇಕ್ ಹೋಗಿತ್ತು. ಸಹಾಯಕ್ಕೆ ಬಂದೆ."



ಟ್ವೈಲಾಳನ್ನು ಇಳಿಸಿ ನೀರಿನಲ್ಲಿ ನಿಲ್ಲಿಸಿದೆ.

"ಸಹಾಯಕ್ಕೆ ಬಂದ್ಯಲ್ಲ, ಒಂದು ಸಹಾಯ ಮಾಡು. ಪಾದ್ರಿಗಳ ಮುಂದೆ ಹೇಳು... ಯಾರು ಈ ಹುಡುಗಿ?"



"ಓಪಲ್, ಇದು ಪ್ರಾರ್ಥನೆ ಟೈಮು..."

"ಹೆಸರು ಹೇಳು! ಕ್ಲೀಟಾ ಅನ್ನು ನೋಡೋಣ! ಇವಳಿಗೆ ಭಾನುವಾರದ ಪಾಠ ಹೇಳ್ಕೊಟ್ಟೋರೆಲ್ಲ ಇಲ್ಲೇ ಇದಾರೆ!"

ಸುಳ್ಳು ಹೇಳಿದರೆ ಇಡೀ ಚರ್ಚು ಕೇಳಿಸಿಕೊಳ್ಳುತ್ತದೆ. ನಿಜ ಹೇಳಿದರೆ ತಪ್ಪು ಅವನ ಕೊರಳಿಗೇ. ಅವನ ಹಲ್ಲು ಕಡ್ಡಿ ನೀರಿಗೆ ಬಿತ್ತು.

"ಟ್ವೈಲಾ" ಎಂದ, ಗಂಟಲಲ್ಲೇ.

"ಜೋರಾಗಿ! ಮುದುಕನ ಕಿವಿಗೆ ನೀರು ಹೋಗಿದೆ!"

"ಟ್ವೈಲಾ ಸ್ಟ್ರೌಡ್!"

"ನಮಗೆಲ್ಲ ಗೊತ್ತಲ್ಲ!" ಹೂವಿನ ಟೋಪಿಯವಳೊಬ್ಬಳು ಹೇಳಿದಳು. "ಆವತ್ತೇ ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ನಮ್ಮನ್ನ ಯಾರು ಕೇಳಿದ್ರು?"

ಕೇಳಿದಿರಾ? ಯಾರು ಕೇಳಿದ್ರಂತೆ! ಗಾರ್ಲನ್ ಮೇಲಿದ್ದ ಅಸಹ್ಯ ಅರ್ಧ ಇಳಿದು ಆ ಹೂವಿನ ಟೋಪಿಯ ಮೇಲೆ ಕೂತಿತು.

ಸೋಮವಾರ ಕೋರ್ಟಿನಲ್ಲಿ ಪಾದ್ರಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದ. ಇನ್ನೂ ಒಣಗದ ಬೂಟಿನಲ್ಲೇ ಬಂದಿದ್ದ. ಅವತ್ತು ಸಿಕ್ಕಿಬಿದ್ದವಳು ತಾನೇ ಎಂದು ಟ್ವೈಲಾ ಒಪ್ಪಿಕೊಂಡಳು. ಈ ಸಲ ಮಾತ್ರ ಅವಳ ಹತ್ತೂ ಬೆರಳಿಗೆ ಮಸಿ ಹಚ್ಚಿದರು. ಜಡ್ಜ್ ಕ್ಲೀಟಾಳ ಹೆಸರು ತೆಗೆದು ಹಾಕಿದ. ಕ್ಷಮಿಸಿ ಎಂದು ಒಬ್ಬನೂ ಅನ್ನಲಿಲ್ಲ.

ಅಪೀಲಿನ ಉತ್ತರಕ್ಕೆ ಕಾದೆವು. ಎಲೆಕ್ಷನ್ ಬಂದು ಹೋಯಿತು. ಬೇಟೆಯ ಹಿಂದಿನ ದಿನ ಹ್ಯೂಬರ್ಟ್ ಮತ್ತೆ ಫೋನು ಹಚ್ಚಿದ. ಕ್ಲೀಟಾ ಕೌಂಟರಿನ ಅಂಚು ಹಿಡಿದು ನಿಂತಿದ್ದಳು.

"ಹೂಂ... ಹೂಂ... ಸರಿ." ಫೋನಿಟ್ಟ. "ತಗೊಂಡು ಹೋಗಮ್ಮ."

ಆಮೇಲೆ ತಲೆ ತಗ್ಗಿಸಿ ಹೇಳಿದ. "ವೇಡ್ ಹೋದ ತಿಂಗಳೇ ಹೊಸ ರೈಫಲ್ ಒಯ್ದ. ಅವನಿಗೆ ಎರಡೇ ನಿಮಿಷದಲ್ಲಿ ಹೂಂ ಅಂದ್ರು."

ಮರುದಿನ ಬೆಳಗ್ಗೆ ಅವನು ಕಿತ್ತಳೆ ಬಣ್ಣದ ಬೇಟೆ ಅಂಗಿ ತೊಟ್ಟು ಕಾಡಂಚಿಗೆ ಬಂದ. ರೈಫಲ್ ಎತ್ತಿದ. ಕ್ಲೀಟಾ ಜಗಲಿಯ ಕಂಬದ ಮರೆಯಲ್ಲಿದ್ದಳು. ಶಾಟ್‌ಗನ್ನಿಗೆ ಗುಂಡು ಏರಿಸಿದಳು. ಖಡಕ್!

ಆ ಸದ್ದು ಕಣಿವೆಗೆಲ್ಲ ಕೇಳಿಸಿತು.

"ಇಲ್ಲೊಂದು ದಾರಿ ತಪ್ಪಿದ ಗುಂಡಿದೆ ವೇಡ್! ಬೇಕಾ?"

ವೇಡ್ ರೈಫಲ್ ಇಳಿಸಿದ. ಉಗುಳಿದ. ಬಂದ ದಾರಿ ಹಿಡಿದ. ನಾನು ಅಡುಗೆಮನೆಯ ಕಿಟಕಿಯಲ್ಲಿ ನನ್ನ ಪಿಸ್ತೂಲು ಹಿಡಿದು ಕೂತಿದ್ದೆ. ಅದು ಬೇಕಾಗಲೇ ಇಲ್ಲ.

ಗಾರ್ಲನ್ ಸೋತನೇ ಎಂದು ಕೇಳುತ್ತೀರಿ.

ಗೆದ್ದ! ಭಾರಿ ಬಹುಮತ!

ಶೆರಿಫ್ ಆದ ಮೇಲೆ ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ನನ್ನ ಗಾಡಿ ನಿಲ್ಲಿಸಿದ. ಹೊಸ ಬ್ಯಾಡ್ಜು, ಹೊಸ ಹಲ್ಲು ಕಡ್ಡಿ. ಕಿಟಕಿಗೆ ಬಾಗಿದ.

"ನೀನು ಯಾರು ಅಂತ ನಂಗೆ ಚೆನ್ನಾಗಿ ಗೊತ್ತು ಓಪಲ್ ಹೇಂಜ್."

ನಾನು ಎರಡೂ ಕೈ ಕಿಟಕಿಯಾಚೆ ಚಾಚಿದೆ. ಹತ್ತೂ ಬೆರಳು ಅವನ ಮೂಗಿನ ಮುಂದೆ ಬಿಡಿಸಿದೆ.

"ನಿನ್ನ ಮಾತು ಯಾರಿಗೆ ಬೇಕೋ? ಮೊದ್ಲು ಮಸಿ ತಗೊಂಡು ಬಾ!"