ತಾತನ ವ್ಯಾನಿಗೊಂದು ಹಾಡು

“ಬಕೆಟ್ ಒಳಗೆ ಕೂತು ಹಾಡಿದ ಹಾಗಿದೆಯಲ್ಲ ಚಿಕ್ಕಪ್ಪ,” ಎಂದಳು ಮೈಕಮ್ಮ.

ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳಿಗೂ ನಗು ತಡೆಯಲಾಗಲಿಲ್ಲ.

ಮೈಕಮ್ಮ ಎಂಬುದು ಅವಳ ಅಡ್ಡಹೆಸರು. ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು.

ನಾಳೆ ತಾತನಿಗೆ ಅರವತ್ತು ತುಂಬುತ್ತದೆ. ತಾತ ಓಡಿಸುವ ಶಾಲೆಯ ವ್ಯಾನಿಗೋ ಸಿಡಿ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅದಕ್ಕೇ ಅವಳು ತಾನೇ ಕಟ್ಟಿದ ಹಾಡನ್ನು ಚಿಕ್ಕಪ್ಪನ ಸ್ಟುಡಿಯೋದಲ್ಲಿ ಹಾಡಿ ಸಿಡಿಗೆ ಹಾಕಿದ್ದಳು. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಳೇ ಕಂಬಳಿ ಹೊಡೆದ ಹಿಂದಿನ ಕೋಣೆ, ಅಷ್ಟೇ.

“ಸಿಡಿಗೆ ಯಾವ ಫೈಲ್ ಹಾಕ್ದೆ?” ಎಂದು ಕೇಳಿದ ಚಿಕ್ಕಪ್ಪ.

“ಫೋನಿಗೆ ಕಳಿಸಿದ್ವಲ್ಲ, ಅದು. ಪುಟ್ಟದಿತ್ತು, ಬೇಗ ಹೋಯ್ತು.”

“ಪುಟ್ಟದಾಗೋಕೆ ನಿನ್ನ ಅರ್ಧ ದನೀನೇ ನುಂಗಿಬಿಟ್ಟಿದೆ ತಾಯಿ. ಮೊದಲು ರೆಕಾರ್ಡ್ ಆಗಿದ್ದು ದೊಡ್ಡ ಫೈಲು. ಕೊನೇಲಿ ಡಬ್ಲ್ಯೂ, ಎ, ವಿ ಅಂತಿದೆ ನೋಡು.”

“ವಾವ್,” ಎಂದು ಓದಿದಳು ಅವಳು. ಇಬ್ಬರೂ ಮತ್ತೆ ಬಿದ್ದು ಬಿದ್ದು ನಕ್ಕರು.

ಚಿಕ್ಕಪ್ಪ ನೀರು ಕುಡಿಯಲು ಎದ್ದು ಹೋದ. ಇಂಜಿನ್ ಸದ್ದಿನಲ್ಲಿ ತಾತನಿಗೆ ಕೇಳಿಸಬೇಡವೇ ಎಂದುಕೊಂಡು ಅವಳು ಹಾಡಿನ ಸದ್ದಿನ ಲೆವೆಲ್ಲನ್ನು ತುದಿಯವರೆಗೂ ಏರಿಸಿದಳು. ಕೆಂಪು ಲೈಟು ಪಕಪಕ ಮಿನುಗಿತು. ಕಂಪ್ಯೂಟರಿಗೂ ಖುಷಿಯಾಗಿದೆ ಎಂದುಕೊಂಡು ಸಿಡಿ ಬರೆದೇಬಿಟ್ಟಳು.

ಈ ಸಲ ಹಾಡು ಗಂಟಲಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡ ಹಾಗೆ ಕರಕರ ಎಂದಿತು. ನಕ್ಕು ಸುಸ್ತಾದ ಮೇಲೆ ಅವಳು ಡಬ್ಬಿ ನೋಡಿದಳು. ಉಳಿದದ್ದು ಒಂದೇ ಖಾಲಿ ಸಿಡಿ.

“ಇನ್ನೊಂದು ತರೋಣ ಅಂದ್ರೆ ಈಗ ಇದನ್ನ ಮಾರೋ ಅಂಗಡೀನೇ ಇಲ್ಲ. ಲೆವೆಲ್ ಮೊದಲಿದ್ದಷ್ಟೇ ಇರ್ಲಿ,” ಎಂದ ಚಿಕ್ಕಪ್ಪ.

“ಆದ್ರೆ ಅದು ತುಂಬಾ ಮೆತ್ತಗಿದೆ. ವ್ಯಾನಲ್ಲಿ ಹುಡುಗರು ಕಿರುಚ್ತಾರೆ. ತಾತಂಗೆ ಕೇಳಿಸೋದೇ ಇಲ್ಲ.” ಅವಳಿಗೆ ಅಳು ಬರುವಂತಾಯಿತು.

“ಜೋರು ಬೇಕಾದ್ರೆ ಅಲ್ಲಿ ಗುಂಡಿ ತಿರುಗಿಸಬಹುದು. ಇಲ್ಲೇ ಒಡೆದುಹೋದ ದನೀನ ಅಲ್ಲಿ ಯಾರೂ ಹೊಲಿಯೋಕಾಗಲ್ಲ. ಆಮೇಲೆ ನಿನ್ನಿಷ್ಟ.”

ಅವಳು ಲೆವೆಲ್ಲನ್ನು ಕೆಳಗಿಳಿಸಿದಳು. ಸಿಡಿ ಬರೆದು ಮುಗಿಯುವವರೆಗೂ ಎರಡೂ ಕೈಗಳ ಮೇಲೆ ಕೂತಿದ್ದಳು. ಕೈ ಸುಮ್ಮನಿರುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು.

ಬೆಳಿಗ್ಗೆ ವ್ಯಾನಿನಲ್ಲಿ ಅವಳೂ ಸೇರಿ ಹದಿನಾಲ್ಕು ಮಕ್ಕಳು, ಹದಿನಾಲ್ಕು ಗಲಾಟೆ. ತಾತ ಅವಳು ಕೊಟ್ಟ ಸಿಡಿ ಹಾಕಿದರು.

*ತಾತ ತಾತ, ಹಾರನ್ ಹೊಡೀಬೇಡ,*
*ಒಂದೇ ಕಾಲಿಗೆ ಸಾಕ್ಸ್ ಹಾಕಿದ್ದೀನಿ…*

“ಏಯ್, ಶ್. ಏನೋ ಕೇಳಿಸ್ತಿದೆ,” ಎಂದ ಹಿಂದಿನ ಸೀಟಿನ ಹುಡುಗ. ಎಲ್ಲರಿಗಿಂತ ಹೆಚ್ಚು ಕಿರುಚುವವನು ಅವನೇ.

ಒಬ್ಬೊಬ್ಬರಾಗಿ ಸುಮ್ಮನಾದರು. ಒಬ್ಬೊಬ್ಬರಾಗಿ ಮುಂದಕ್ಕೆ ಬಾಗಿದರು. ತಾತ ರಸ್ತೆ ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ‘ತಾತ’ ಎನ್ನುವ ಮೊದಲು ಅವಳು ಎಳೆದುಕೊಂಡ ಉಸಿರು ಕೂಡ ಕೇಳಿಸುತ್ತಿತ್ತು.

ಇಷ್ಟು ಮೆಲ್ಲಗೆ ಹೇಳಿದರೂ ಇಷ್ಟೊಂದು ಜನ ಕೇಳುತ್ತಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ತಾತ ಕಣ್ಣೊರೆಸಿಕೊಂಡು ಹಿಂದೆ ತಿರುಗಿದರು. “ಇನ್ನೊಂದ್ ಸಲ ಹಾಕ್ಲಾ?”

ಅವಳು ಬಾಯಿ ಬಿಡಲಿಲ್ಲ. ಹೂಂ ಎಂದು ತಲೆಯಾಡಿಸಿದಳು.