ಜೋವಿನ್‌ನ ಎಡಗಾಲು

ಕಾರ್ಕಳದ ಮೈದಾನದಲ್ಲಿ ಫುಟ್‌ಬಾಲ್ ಫೈನಲ್ ಶುರುವಾಗಿ ಹನ್ನೊಂದೇ ನಿಮಿಷ. ಜೋವಿನ್ ಚೆಂಡಿನೊಂದಿಗೆ ಗಕ್ಕನೆ ತಿರುಗಿದ, ಕುಸಿದು ಬಿದ್ದ. ಐದು ತಿಂಗಳ ಹಿಂದೆ ಆಪರೇಷನ್ ಆಗಿದ್ದ ಎಡ ಮೊಣಕಾಲೇ ಮತ್ತೆ ಕೈಕೊಟ್ಟಿತ್ತು. ಇವನನ್ನು ಆಡಲು ಬಿಟ್ಟವರು ಯಾರು? ಸಂಘಟಕರ ಫೈಲಿನಲ್ಲಿ ಉತ್ತರವಿತ್ತು. ಮಣಿಪಾಲದ ಡಾ. ರತ್ನಾವತಿಯವರ ಫಿಟ್‌ನೆಸ್ ಸರ್ಟಿಫಿಕೇಟ್.

ಇಪ್ಪತ್ತೆರಡು ವರ್ಷದಿಂದ ಆಟಗಾರರ ಮೊಣಕಾಲನ್ನೇ ಸರಿಪಡಿಸುತ್ತ ಬಂದ ಡಾಕ್ಟರ್; ಜೋವಿನ್‌ಗೆ ಆಪರೇಷನ್ ಮಾಡಿದ್ದೂ ಅವರೇ. ಒಂಬತ್ತು ತಿಂಗಳಿಗೆ ಮೊದಲು ಯಾರನ್ನೂ ಮೈದಾನಕ್ಕೆ ಬಿಟ್ಟವರಲ್ಲ. ಈಗ ಜೋವಿನ್‌ನ ಅಣ್ಣ, ತಂಡದ ಮ್ಯಾನೇಜರ್ ಲಾಯ್ಡ್, ಅವರ ಮೇಲೆ ಪೊಲೀಸ್ ದೂರು ಕೊಟ್ಟಿದ್ದ. ಆ ಕಾಗದ ಅವರದೇ ಎಂದಾದರೆ ಅವರು ಇನ್ನು ಚಾಕು ಹಿಡಿಯುವಂತಿಲ್ಲ.

*

"ಸಹಿ ನನ್ನದೇ," ಎಂದರು ರತ್ನಾವತಿ, ತಮ್ಮ ಕ್ಲಿನಿಕ್ಕಿನಲ್ಲಿ ಸರ್ಟಿಫಿಕೇಟ್ ನೋಡುತ್ತ. "ಆದರೆ ಇದನ್ನು ನಾನು ಕೊಟ್ಟಿಲ್ಲ."

ಎಸ್‌ಐ ಶ್ರೇಯಾಗೆ ನಂಬಿಕೆ ಬರಲಿಲ್ಲ. ಸಿಕ್ಕಿಬಿದ್ದವರೆಲ್ಲ ಹೇಳುವುದು ಹೀಗೆಯೇ.

"ಸೀಲು ಯಾರ ಹತ್ತಿರ ಉಂಟು?"

"ರಿಸೆಪ್ಷನಿನ ಲೀನಾ ಹತ್ತಿರ."

ಲೀನಾ ಆಗಲೇ ಬೆವರಿದ್ದಳು. ಅವಳೂ ಜೋವಿನ್‌ನ ಊರು ಕಲ್ಯಾಣಪುರದವಳೇ. ಶ್ರೇಯಾಳ ಸಂಶಯ ಅತ್ತ ತಿರುಗಿತು.

"ನಾನು ಎಂತ ಸಹ ಮಾಡ್ಲಿಲ್ಲ ಮೇಡಂ!"

"ಜೋವಿನ್‌ನ ಫೈಲ್ ತೆಗೀರಿ," ಎಂದಳು ಶ್ರೇಯಾ.

ಫೈಲನ್ನೂ ಸರ್ಟಿಫಿಕೇಟನ್ನೂ ಪಕ್ಕಪಕ್ಕ ಇಟ್ಟು ಓದಿದ ರತ್ನಾವತಿಯವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇದು ಜೋವಿನ್‌ನ ಕಾಲೇ ಅಲ್ಲ! ಮೊಣಕಾಲಿನೊಳಗೆ ನಾರು, ಅಂದರೆ ಲಿಗಮೆಂಟ್, ಹರಿದರೆ ಅದರ ಬದಲಿಗೆ ಅದೇ ಕಾಲಿನಿಂದ ಬೇರೆ ನಾರು ತೆಗೆದು ಹಾಕ್ತೇವೆ. ಮೊಣಕಾಲು ಚಿಪ್ಪಿನ ಕೆಳಗಿನಿಂದ ತೆಗೆದದ್ದು ಅಂತ ಈ ಸರ್ಟಿಫಿಕೇಟಿನಲ್ಲಿ ಉಂಟು. ಅಲ್ಲಿ ಕೊಯ್ದರೆ ಮಂಡಿಯೂರುವಾಗ ನೋವು. ಅದಕ್ಕೇ ನಾನು ಎಲ್ಲರನ್ನೂ ಮೊದಲೇ ಕೇಳ್ತೇನೆ, ಮಂಡಿಯೂರ್ಲಿಕ್ಕೆ ಉಂಟಾ ಅಂತ. ಜೋವಿನ್ ಪ್ರತಿ ಆದಿತ್ಯವಾರ ಇಗರ್ಜಿಯ ಪ್ರಾರ್ಥನೆಯಲ್ಲಿ ಮಂಡಿಯೂರುವವ. ಅವನಿಗೆ ತೊಡೆಯ ಹಿಂದಿನ ನಾರು ಹಾಕಿದ್ದು. ಗಾಯ ಸಣ್ಣದು, ಕಾಲಿನ ಒಳಬದಿಗೆ."

"ಮತ್ತೆ ಇದು ಯಾರ ಕಾಲು?"

"ಕಾಪುವಿನ ಲಕ್ಷಿತ್‌ನದ್ದು. ಆ ತಂಡದಲ್ಲಿ ಚಿಪ್ಪಿನ ಕೆಳಗಿನ ನಾರು ಹಾಕಿದ್ದು ಅವನೊಬ್ಬನಿಗೇ. ಹೋದ ವರ್ಷ ಸರ್ಟಿಫಿಕೇಟ್ ಕೊಟ್ಟಿದ್ದೆ."

*

ಕಲ್ಯಾಣಪುರದ ಮನೆಯಲ್ಲಿ ಜೋವಿನ್ ಮಲಗಿದ್ದ. ಕಾಲಿನ ಮೇಲೆ ಹೊದಿಕೆಯಿತ್ತು. ಲಾಯ್ಡ್ ಪಕ್ಕದಲ್ಲೇ ನಿಂತಿದ್ದ.

"ಆಪರೇಷನ್ ಆದ ಮೇಲೆ ತಮ್ಮನನ್ನು ನೋಡಿಕೊಂಡದ್ದು ಯಾರು?" ಶ್ರೇಯಾ ಅವನನ್ನು ಕೇಳಿದಳು.

"ನಾನೇ ಅಲ್ವಾ ಮೇಡಂ! ಗಾಯಕ್ಕೆ ದಿನಾ ಮುಲಾಮು ಹಚ್ಚಿದ್ದು ಸಹ ನಾನೇ."

"ಎಲ್ಲಿ ಗಾಯ? ನಿಮ್ಮ ಕಾಲಲ್ಲೇ ತೋರಿಸಿ."

ಲಾಯ್ಡ್ ಚಿಪ್ಪಿನ ಕೆಳಗೆ ನೇರವಾಗಿ ಬೆರಳೆಳೆದ. ಶ್ರೇಯಾ ಹೊದಿಕೆ ಸರಿಸಿದಳು. ಅಲ್ಲಿ ಗಾಯದ ಗುರುತೇ ಇರಲಿಲ್ಲ; ಇದ್ದದ್ದು ಕಾಲಿನ ಒಳಬದಿಗೆ.

"ಡಾಕ್ಟರ್ ತಾನು ಕೊಯ್ದ ಜಾಗ ಮರೆಯುವುದಿಲ್ಲ. ಲೀನಾ ಬರೆದಿದ್ದರೆ ಫೈಲ್ ನೋಡಿ ಸರಿಯಾಗಿ ಬರೀತಿದ್ದಳು. ಜೋವಿನ್‌ಗೆ ತನ್ನ ಕಾಲು ಗೊತ್ತುಂಟು. ಗೊತ್ತಿಲ್ಲದವರು ನೀವೊಬ್ಬರೇ. ತಂಡದವರ ಕಾಗದ ಎಲ್ಲ ಮ್ಯಾನೇಜರ್ ಕೈಯಲ್ಲಿ. ಲಕ್ಷಿತ್‌ನದ್ದನ್ನು ಸ್ಕ್ಯಾನ್ ಮಾಡಿ ಹೆಸರು, ತಾರೀಕು ಬದಲಿಸಿದ್ರಿ. ತಮ್ಮ ಬಿದ್ದ ಕೂಡಲೇ ನಿಮ್ಮ ಮೇಲೆ ಬಾರದ ಹಾಗೆ ದೂರು ಸಹ ಕೊಟ್ರಿ."

ಲಾಯ್ಡ್ ತಮ್ಮನತ್ತ ತಿರುಗಿದ. "ನೀನಿಲ್ಲದೆ ಕಪ್ ಬರ್ತಿರಲಿಲ್ಲ ಮಾರಾಯ..."

"ಡಾಕ್ಟರ್ ಒಪ್ಪಿದ್ದಾರೆ ಅಂತ ನೀನು ಹೇಳಿದ್ದಕ್ಕೆ ಆಡಿದ್ದು," ಎಂದ ಜೋವಿನ್. "ಐದು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದ್ದೇವೆ ಅಣ್ಣ. ಒಮ್ಮೆ ಸಹ ನನ್ನ ಕಾಲು ನೋಡ್ಲಿಲ್ಲವಾ?"

ಶ್ರೇಯಾ ರತ್ನಾವತಿಯವರಿಗೆ ಫೋನ್ ಮಾಡಿದಳು. "ನಿಮ್ಮ ಮೇಲಿನ ಆರೋಪ ಬಿದ್ದುಹೋಯಿತು ಡಾಕ್ಟರ್."

ಆಚೆಯಿಂದ ಮೂಗು ಒರೆಸಿಕೊಂಡ ಸದ್ದು. "ಆ ಹುಡುಗನನ್ನು ನಾಳೆ ಬೆಳಿಗ್ಗೆ ಕರ್ಕೊಂಡು ಬರ್ಲಿಕ್ಕೆ ಹೇಳಿ. ಕಾಲು ನಾನೇ ನೋಡ್ತೇನೆ."

ಶ್ರೇಯಾ ಲಾಯ್ಡ್‌ನನ್ನು ನೋಡಿದಳು. ನಾಳೆ ಬೆಳಿಗ್ಗೆ ಅವನು ಕೋರ್ಟಿನಲ್ಲಿರುತ್ತಾನೆ.

"ನಾನೇ ಕರ್ಕೊಂಡು ಬರ್ತೇನೆ," ಎಂದಳು.